ಅಲ್ಮೇರಾದ ಹಿಂದಿನ ಒಂದು ಗೇಣು

ಮೇಯ್, ನನ್ನಮ್ಮಾ,

ನೀನು ಓದುವುದಿಲ್ಲವೆಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ಸೋಹ್ರಾದ ನಿನ್ನ ಮನೆಗೆ ಹೋಗಿದ್ದೆ. ನಿನ್ನದು ಅನ್ನುವ ಹಾಗಿಲ್ಲ, ಈಗ ಅದು ತಂಗಿ ದಾರಿಭಾಳದ್ದು. ಕಡೆಯ ಮಗಳಿಗೇ ಮನೆ ಎಂಬುದು ನಮ್ಮ ಖಾಸಿಗಳ ಪದ್ಧತಿ, ಗೊತ್ತು. ಆದರೆ ನೀನು ಹಾಸಿಗೆ ಹಿಡಿದಾಗ ನೋಡಿಕೊಂಡವಳು ಯಾರೆಂದು ನಿನಗೂ ಗೊತ್ತು.

ನಿನ್ನ ಅಲ್ಮೇರಾದ ಹಿಂದೆ ಗೋಡೆಯ ತುಂಬ ಕಪ್ಪು ಬೂಷ್ಟು. ಅವಳು ಅದರ ಮೇಲೆಯೇ ಬಣ್ಣ ಬಳಿಸಿದ್ದಳು.

"ಎಷ್ಟು ಬಳಿಸಿದ್ರೂ ಮತ್ತೆ ಬರುತ್ತೆ ಕಾಂಗ್. ಮೇಯ್ ಇದ್ದಾಗ ಒಂದು ಚುಕ್ಕೀನೂ ಇರ್ಲಿಲ್ಲ."

"ಮನೆ ತಗೊಂಡ್ಯಲ್ಲ, ನೋಡ್ಕೊಳ್ಳೋದನ್ನೂ ಕಲಿ," ಎಂದೆ ನಾನು, ಅಕ್ಕನ ಗತ್ತಿನಲ್ಲಿ.

ಅವಳು ನಕ್ಕಳು. "ನಿಂಗೆ ಎಲ್ಲಾ ಕಲಿಸಿದ್ಲು. ನನ್ನ ಬರೀ ಮುದ್ದು ಮಾಡಿದ್ಲು."

ನಾನು ಅಲ್ಮೇರಾ ಎಳೆದು, ಬಣ್ಣ ಕೆರೆದು, ಸೋಡಾಪುಡಿಯ ನೀರಿನಲ್ಲಿ ಗೋಡೆ ಉಜ್ಜಿದೆ. ಕೆಂಡದ ಒಲೆ ತಂದಿಟ್ಟು ಒಣಗಿಸಿದೆ. ಗೋಡೆ ನಿನ್ನ ಕಾಲದಲ್ಲಿದ್ದ ಹಾಗಾಯಿತು.

"ಅಲ್ಮೇರಾ ಎಲ್ಲಿಡ್ಲಿ, ಕಾಂಗ್?"

ಬೂಷ್ಟು ಹಿಡಿಯದಂತೆ ಅದರ ಹಿಂದೆ ಗಾಳಿಯಾಡಲು ಒಂದು ಗೇಣು ಬಿಡಬೇಕೆಂದು ನೀನು ಪ್ರತಿ ಮಳೆಗಾಲಕ್ಕೂ ಹೇಳುತ್ತಿದ್ದೆ, ನನಗೊಬ್ಬಳಿಗೇ. ನಾನು ಭುಜ ಕೊಟ್ಟು ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ.

"ಹೀಗೇ ಇರ್ಲಿ," ಎಂದೆ. "ಮತ್ತೆ ಬಂದ್ರೆ ನನ್ನ ಕರಿ."