ಅಜ್ಜಿಯ ಕಾಲು, ಚರ್ಚಿನ ಮೆಟ್ಟಿಲು

ನವೆಂಬರ್ ೯, ಭಾನುವಾರ

ಬೆಳಗಿನಿಂದ ಒಂದೇ ಮಾತು ತಲೆ ಕೊರೆಯುತ್ತಿದೆ. ಟೈಲರ್ ಅಜ್ಜಿಗೆ ಚರ್ಚಿನ ಮೂರು ಮೆಟ್ಟಿಲು ಹತ್ತುವ ಶಕ್ತಿ ಕೊಡು ತಂದೆಯೇ ಎಂದು ಐದು ವಾರದಿಂದ ಪ್ರಾರ್ಥಿಸುತ್ತಿದ್ದೇವೆ. ನಡೆಸುವವನು ನಾನೇ, ಗಂಟಲು ದೊಡ್ಡದಲ್ಲವೇ. ಇವತ್ತು ಆರಾಧನೆ ಮುಗಿಸಿಕೊಂಡು ಅಜ್ಜಿಯ ಮನೆಗೇ ಹೋಗಿ ಅದನ್ನು ಹೇಳಿದೆ, ಸ್ವಲ್ಪ ಜಂಬದಿಂದಲೇ.

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ, "ಒಳ್ಳೇದಾಯ್ತಪ್ಪಾ, ದೇವರು ಕೇಳಿಸ್ಕೊಂಡಿರ್ತಾನೆ. ನೀನು ವೆಲ್ಡಿಂಗ್ ಕೆಲಸದವನಲ್ವಾ? ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿದ್ದಿದ್ರೆ ಹೋದ ತಿಂಗಳೇ ಬರ್ತಿದ್ದೆ" ಎಂದರು.

ಊರವರ ಮೆಟ್ಟಿಲಿಗೆಲ್ಲ ಕಂಬಿ ಹಾಕಿದವನು ನಾನು. ದೀಪದ ಬುಡದಲ್ಲೇ ಕತ್ತಲೆ. ಜೇಬಿನಿಂದ ಅಳತೆ ಟೇಪು ತೆಗೆದು, "ಯಾವ ಕಡೆ ಹಾಕ್ಲಿ ಅಜ್ಜಿ?" ಎಂದೆ.

"ಎಡಗಡೆ. ನೋವಿರೋದು ಬಲಗಾಲಲ್ಲಿ."

ಐದು ವಾರ ಆ ಕಾಲಿಗಾಗಿ ಕಣ್ಣು ಮುಚ್ಚಿ ಬೇಡಿದ್ದೇನೆ. ಯಾವ ಕಾಲು ಎಂದು ಗೊತ್ತಾದದ್ದು ಇವತ್ತು.

ಅಜ್ಜಿಯ ಕೈಗೆ ಮೂವತ್ತೆರಡು ಇಂಚು ಎತ್ತರ ಸರಿಯಾಗುತ್ತದೆ. ಪೈಪು ಶೆಡ್ಡಿನಲ್ಲೇ ಬಿದ್ದಿದೆ. ಈ ರಾತ್ರಿಯ ಪ್ರಾರ್ಥನೆ ಚಿಕ್ಕದು: ನಾಳೆ ಬೆಳಿಗ್ಗೆ ಕರೆಂಟು ಇರಲಿ ಸ್ವಾಮಿ, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ.