ಎರಡನೆಯ ಟೆನರ್

ಸೆಪ್ಟೆಂಬರ್ 23, 1963, ಸೋಮವಾರ

ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಯಾರ ಕ್ಷಮೆಯೋ ಗೊತ್ತಿಲ್ಲ. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಡೈರಿ ಸಿಕ್ಕರೆ ಮೇಟ್ರನ್ ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದಳು. ಆ ಹೆದರಿಕೆ ಷಿಕಾಗೋವರೆಗೂ ಬಂದಿದೆ.

ಇವತ್ತೂ ಬಾರಿನಲ್ಲಿ ಸೋಮವಾರದ ಬೆಳಗಿನ ವಾದನ. ವಾರವೆಲ್ಲ ದುಡಿದ ವಾದಕರು ಈ ಒಂದು ಬೆಳಿಗ್ಗೆ ತಮ್ಮ ಖುಷಿಗೆ ಊದುತ್ತಾರೆ. ಏಳು ಗಂಟೆಗೇ ಬಾರ್ ಭರ್ತಿ — ಹುರಿದ ಮೀನು, ಗ್ರಿಟ್ಸ್ ಎಂಬ ಜೋಳದ ಗಂಜಿ, ವಿಸ್ಕಿ. ಹತ್ತಕ್ಕೆ ನನಗೆ ಕಾಲೇಜು.

ಅಪ್ಪ ತಮ್ಮ ಟೆನರ್ ಸ್ಯಾಕ್ಸೊಫೋನ್ ಸಮೇತ ಬಾರ್ ಕಟ್ಟೆ ಹತ್ತಿದರು. ಗ್ಲಾಸುಗಳ ನಡುವೆ ಹೆಜ್ಜೆ ಇಡುತ್ತ, ಒಂದೇ ಸ್ವರ ಕಿರುಚಿಸುತ್ತ, ಆ ತುದಿಗೆ ಹೋಗಿ ಬಂದರು. ಒಂದು ಗ್ಲಾಸೂ ಉರುಳಲಿಲ್ಲ. ಹೆಂಗಸರು ಕರವಸ್ತ್ರ ಬೀಸಿದರು.

"ಬಾ ಮಗಾ, ನೀನೂ ಹತ್ತು."

ಕರೆದದ್ದು ನನ್ನನ್ನಲ್ಲ, ಕ್ಲೀಯನ್ನು. ಕ್ಲೀಯೋಟಿಸ್ ಬ್ರಾಡಿ, ಕಾರು ತೊಳೆಯುವವನು, ಅಪ್ಪನ ಶಿಷ್ಯ. ನಾನೂ ಒಂದು ಹೆಜ್ಜೆ ಮುಂದಿಟ್ಟೆ.

"ದೊರೆಗಳು ಕೆಳಗೇ ಇರಿ. ಷೂಸ್ ಕೊಳೆಯಾಗ್ತವೆ," ಎಂದರು ಅಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ... ಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಬಂದು ಅಮ್ಮನ ಊರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸಿಪಾಯಿ ಇವರು. ಹದಿನೆಂಟು ವರ್ಷ ಆದ ಮೇಲೆ ಹುಡುಕಿಕೊಂಡು ಬಂದ ಮಗನನ್ನು ಬೇರೇನೆಂದು ಕರೆದಾರು.

ಸೆಪ್ಟೆಂಬರ್ 30

ಹಾಳಾಯಿತು. ಕೊನೆಗೂ ನನಗೆ ಊದಲು ಬಿಟ್ಟರು. ಅಪ್ಪ ಮೂರು ಬೆರಳು ಕೆಳಮುಖ ಮಾಡಿ ತೋರಿಸಿದರು — ಮೂರು ಕೋಮಲ ಸ್ವರಗಳಿರುವ ಶ್ರುತಿ, ಅದೂ ಪಿಯಾನೋದ ಲೆಕ್ಕದಲ್ಲಿ. ಟೆನರ್ ಊದುವವನು ಅದನ್ನು ತನ್ನ ವಾದ್ಯಕ್ಕೆ ಒಂದು ಸ್ವರ ಏರಿಸಿಕೊಳ್ಳಬೇಕು. ಇಲ್ಲಿ ಎಳೆಮಗುವಿಗೂ ಗೊತ್ತು. ಕಾಲೇಜಿನ ಹಾಳೆಗಳಲ್ಲಿ ಯಾರೋ ಮೊದಲೇ ಏರಿಸಿ ಬರೆದಿರುತ್ತಾರೆ. ನಾನು ಮರೆತೆ. ತೋರಿಸಿದ ಶ್ರುತಿಯಲ್ಲೇ ಊದಿದೆ.

ಪಿಯಾನೋದ ಮಿಸ್ ಹ್ಯಾಟಿ ಕೈ ಎತ್ತಿಬಿಟ್ಟಳು. "ಇಂಗ್ಲೆಂಡಿನ ಹಡಗು ಕೂಗ್ತಾ ಬಂತು ಕಣ್ರೋ. ಯಾರಾದ್ರೂ ಹೋಗಿ ಸಾಮಾನು ಇಳಿಸ್ಕೊಳ್ಳಿ."

ಆಮೇಲೆ ಕ್ಲೀ ಊದಿದ. ಚೆನ್ನಾಗಿ ಊದಿದ. ಬಹಳ ಚೆನ್ನಾಗಿ... ಅಪ್ಪನ ಹಳೇ ಕೋಟು ಹಾಕಿಕೊಂಡಿದ್ದ, ತೋಳು ಅವನಿಗೆ ಗಿಡ್ಡ. ನನಗೆ ಸರಿಯಾಗುತ್ತಿತ್ತು.

ಅಕ್ಟೋಬರ್ 13

ನವೆಂಬರಿನಲ್ಲಿ ಅಪ್ಪನ ಬ್ಯಾಂಡ್ ದಕ್ಷಿಣದ ಊರುಗಳಿಗೆ ಹೊರಡುತ್ತದೆ. ಎರಡನೆಯ ಟೆನರ್ ಒಬ್ಬ ಬೇಕು. ನಾನು ಅಥವಾ ಕ್ಲೀ. ಅಪ್ಪ ಬಾಯಿ ಬಿಡುತ್ತಿಲ್ಲ. ನಾನಾದರೆ ಕಾಲೇಜು ಬಿಡುತ್ತೇನೆ. ಅಮ್ಮನಿಗೆ ಹೇಳಿಲ್ಲ.

ಮಿಸ್ ಹ್ಯಾಟಿ ಹೇಳಿದಳು: "ನಲವತ್ತಾರರಲ್ಲಿ ನಿಮ್ಮಪ್ಪ ಲೂಷಿಯಸ್ ದೊಡ್ಡ ಜಾಝ್ ಬ್ಯಾಂಡಲ್ಲಿ ಕೂತಿದ್ದ ಗೊತ್ತಾ? ಬೋ ಟೈ ಕಟ್ಕೊಂಡು. ಮೂರೇ ತಿಂಗಳು."

"ಯಾಕೆ ಬಿಟ್ರು?"

"ಬಿಟ್ಟನಾ, ಬಿಡಿಸಿದ್ರಾ... ಅವನನ್ನೇ ಕೇಳು."

ಕೇಳಲಿಲ್ಲ. ಧೈರ್ಯ ಎಲ್ಲಿದೆ.

ಸಂಜೆ ಕ್ಲೀ ನನ್ನ ರೂಮಿಗೇ ಬಂದ. ಬಾಗಿಲು ಹಾಕಿ ಮೆಲ್ಲಗೆ: "ನೈಜೆಲ್, ಸ್ವರ ಬರೆದಿರೋದನ್ನ ಓದೋದು ಕಲಿಸ್ತೀಯಾ? ನಂಗೊಂಚೂರೂ ಬರಲ್ಲ. ನಿಮ್ಮಪ್ಪನ ಮುಂದೆ ಹೇಳ್ಬೇಡ."

ಪರೀಕ್ಷೆ ಹತ್ತಿರ ಇದೆ, ಪುರುಸೊತ್ತಿಲ್ಲ ಎಂದೆ. ಪರೀಕ್ಷೆ ಇರುವುದು ಡಿಸೆಂಬರಿನಲ್ಲಿ.

ಅಕ್ಟೋಬರ್ 27

ಅಪ್ಪನದೇ ಒಂದು ರಾಗವನ್ನು ಎರಡು ಟೆನರಿಗೆ ಕೂರಿಸಿ ಬರೆದಿದ್ದೇನೆ. ಮೊದಲ ಭಾಗ ಮುಳ್ಳುಬೇಲಿಯ ಹಾಗಿದೆ. ಓದಲು ಬಾರದವನು ಎರಡನೇ ಸಾಲಿಗೇ ಸಿಕ್ಕಿಬೀಳುತ್ತಾನೆ. ಶನಿವಾರ ರೆಕಾರ್ಡ್ ಕಂಪನಿಯ ಗಾರ್ವಿನ್ ತಾಲೀಮು ನೋಡಲು ಬರುತ್ತಾನೆ. ಅವನ ಎದುರಿಗೇ ಕ್ಲೀಗೆ ಕೊಡುತ್ತೇನೆ.

ನನ್ನ ಕೈಬರಹ ಇಷ್ಟು ಅಂದವಾಗಿ ಎಂದೂ ಬಂದಿರಲಿಲ್ಲ.

ನವೆಂಬರ್ 2, ಶನಿವಾರ

ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟೆ. "ಮೊದಲ ಭಾಗ ಕ್ಲೀ ಊದಲಿ," ಎಂದೆ. ಕ್ಲೀ ನನ್ನನ್ನೇ ನೋಡಿದ.

ಗಾರ್ವಿನ್ ಬಾಯಿಂದ ಸಿಗಾರ್ ತೆಗೆದ. "ಮೊದಲ ಭಾಗ ಲೂಷಿಯಸ್ ಊದ್ಲಿ ಕಣಯ್ಯಾ. ರೆಕಾರ್ಡ್ ಮೇಲೆ ಹೆಸರಿರೋದು ಅವನ್ದು."

ಅಪ್ಪ ಹಾಳೆ ಎತ್ತಿಕೊಂಡರು. ನೋಡಿದರು. ದೂರ ಹಿಡಿದು ನೋಡಿದರು. "ಕನ್ನಡಕ ಮನೇಲಿ ಬಿಟ್ಟು ಬಂದೆ."

ಅಪ್ಪನಿಗೆ ಕನ್ನಡಕವೇ ಇಲ್ಲ.

ಕ್ಲೀ ತಟ್ಟನೆ: "ನೈಜೆಲ್, ಒಂದ್ಸಲ ಹಾಡ್ಬಿಡು. ಕೇಳಿದ್ರೆ ಸಾಕು, ಹಿಡ್ಕೋತೀವಿ."

ಹಾಡಬಹುದಿತ್ತು. ಪ್ರತಿ ಸ್ವರ ಬಾಯಿಪಾಠ. ಅಪ್ಪನ ಕಿವಿಗೆ ಒಮ್ಮೆ ಬಿದ್ದಿದ್ದರೆ ಸಾಕಿತ್ತು, ಊದಿಬಿಡುತ್ತಿದ್ದರು. ಆದರೆ ಹಾಡು ಎಂದವನು ಕ್ಲೀ. ಅವನು ಹೇಳಿದ್ದಕ್ಕೆ ನಾನೇಕೆ ಹಾಡಲಿ... ತುಟಿ ಕಚ್ಚಿಕೊಂಡು ನಿಂತೆ. ಅಷ್ಟರಲ್ಲಿ ಗಾರ್ವಿನ್ ಟೋಪಿ ಎತ್ತಿಕೊಂಡ.

"ಸ್ಟುಡಿಯೋ ಅಂದ್ರೆ ಭಜನೆ ಮನೆ ಅಲ್ಲ ಲೂಷಿಯಸ್. ಓದೋರು ಬೇಕು ನಂಗೆ."

ಅದೇ ದಿನ, ಸಂಜೆ

ಕಾರಿನಲ್ಲಿ ಅಪ್ಪ ಮತ್ತು ನಾನು ಮಾತ್ರ. ಸರೋವರದ ಗಾಳಿ ಗಾಜಿಗೆ ಬಡಿಯುತ್ತಿತ್ತು.

"ದೊಡ್ಡ ಬ್ಯಾಂಡಿಂದ್ಲೂ ಇದಕ್ಕೇ ಕಳಿಸಿದ್ದು. ಪಕ್ಕದೋನು ಊದೋದನ್ನ ಕೇಳ್ಕೊಂಡು ಮೂರು ತಿಂಗಳು ತಳ್ಳಿದ್ದೆ. ಆಮೇಲೇ ಬಾರ್ ಹತ್ತಿದ್ದು. ಕಟ್ಟೆ ಮೇಲೆ ನಡೆಯೋನ ಮುಂದೆ ಯಾರೂ ಹಾಳೆ ಇಡಲ್ಲ ನೋಡು."

ಸಿಗ್ನಲಿನಲ್ಲಿ ಕಾರು ನಿಲ್ಲಿಸಿ ಅಪ್ಪ ನನ್ನತ್ತ ತಿರುಗಿದರು.

"ಯಾರನ್ನ ಬೀಳಿಸಕ್ಕೆ ಅಂತ ಬರೆದೆ ಅದನ್ನ?"

"ಕ್ಲೀಯನ್ನ."

"ಹೂಂ."

ಇಷ್ಟು ದಿನ 'ದೊರೆಗಳು', 'ನೀವು'. ಇವತ್ತು ಮೊದಲ ಸಲ ಏಕವಚನ.

ನವೆಂಬರ್ 8

ಹೊರಟರು. ಮುಂದಿನ ಸೀಟಿನಲ್ಲಿ ಕ್ಲೀ. ಬೀಳ್ಕೊಡಲು ಹೋಗಿದ್ದೆ, ಎದುರಿನ ಅಂಗಡಿಯ ಬಳಿಯೇ ನಿಂತು ಬಂದೆ.

ನವೆಂಬರ್ 20

ಮೆಂಫಿಸ್‌ನಿಂದ ಕ್ಲೀಯ ಕಾರ್ಡು. 'ಜನ ಕಿಕ್ಕಿರಿದು ಬರ್ತಾರೆ, ಕ್ರಿಸ್‌ಮಸ್‌ವರೆಗೂ ಇಲ್ಲೇ ಊದ್ತೀವಿ. ಇಬ್ಬರಿಗೂ ಒಂದೇ ರೂಮು, ಲೂಷಿಯಸ್ ಗೊರಕೆ ಹೊಡೀತಾರೆ, ನಿದ್ದೆ ಇಲ್ಲ. ನನ್ನ ಮೇಲೆ ಕೋಪವಾ?' — ಅವನು ನನ್ನನ್ನು ಕೇಳುತ್ತಾನೆ.

ಅಪ್ಪ ಗೊರಕೆ ಹೊಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕಾರ್ಡು ಹರಿದೆ. ಆಮೇಲೆ ವಿಳಾಸಕ್ಕಾಗಿ ಚೂರು ಜೋಡಿಸಿದೆ.

ನಾಳೆ ಕಳಿಸುವುದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಅಪ್ಪಾ,
ಅವತ್ತು ಹಾಡದೆ ನಿಂತೆ. ತಪ್ಪು. ಎರಡನೆಯ ಟೆನರ್ ಕ್ಲೀಯದೇ, ಅದನ್ನು ಕೇಳುತ್ತಿಲ್ಲ. ಡಿಸೆಂಬರ್ 14ರಿಂದ ರಜೆ. ಮೆಂಫಿಸ್‌ಗೆ ಬಸ್ಸಿದೆ. ವಾದ್ಯ ತರಲೋ, ಬರಿಗೈಯಲ್ಲಿ ಬರಲೋ, ಬರುವುದೇ ಬೇಡವೋ. ಒಂದೇ ಸಾಲಾದರೂ ಸಾಕು. ಬೇಗ ಉತ್ತರ ಬರೆಯಿರಿ.