ಜೋ ಕ್ರವೆಟ್ಸ್ ಕಾರ್ಡಿನ ಬಲ ಅಂಚು

ಮೊನೆಸೆನ್, ಪೆನ್ಸಿಲ್ವೇನಿಯಾ
ಗುರುವಾರ, ಮಾರ್ಚ್ 10, 2022

ಲೆನ್ನಿ,

ಎರಡು ಬೀದಿ ಆಚೆ ಇರುವವನಿಗೆ ಕಾಗದ ಬರೆಯುವವನನ್ನು ನೀನು ಕಂಡಿರಲಿಕ್ಕಿಲ್ಲ. ನಾನೂ ಕಂಡಿಲ್ಲ. ಬೆಳಿಗ್ಗೆಯಿಂದ ಮೂರು ಸಲ ನಿನ್ನ ಮನೆಯ ಮೆಟ್ಟಿಲ ಬುಡದವರೆಗೆ ಬಂದು ವಾಪಸಾದೆ. ಮೂರನೆಯ ಸಲ ಡಾಟಿ ಕಿಟಕಿಯಿಂದ, "ಏನೋ ಎಮಿಲ್, ಏನಾದ್ರೂ ಕಳ್ಕೊಂಡ್ಯಾ?" ಎಂದು ಕೂಗಿದಳು. ಇಲ್ಲ, ಸುಮ್ಮನೆ ಗಾಳಿಗೆ ಬಂದೆ ಎಂದೆ. ಈ ಚಳಿಯಲ್ಲಿ ಯಾವ ಗಾಳಿ! ನಿನ್ನ ಹೆಂಡತಿ ನಂಬಿರಲಿಕ್ಕಿಲ್ಲ.

ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೇ ನಿಲ್ಲಿಸಿ ಹಿಮದ ಮಾತಿಗೆ ಇಳಿದುಬಿಡುತ್ತೇನೆ, ನಿನಗೆ ಗೊತ್ತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ. ಶನಿವಾರ ಜೋ ಕಾರ್ಡಿನ ಡಬ್ಬಿ ಒಡೆಸಬೇಡ. ಯಾರು ಏನೇ ಹೇಳಲಿ, ಒಡೆಸಬೇಡ.

ಕಳೆದ ತಿಂಗಳು ನನ್ನನ್ನು ಊಟಕ್ಕೆ ಕರೆದು, ಮೇಜಿನ ಮೇಲೆ ಟವೆಲ್ ಹಾಸಿ, ಅದನ್ನು ಇಟ್ಟೆಯಲ್ಲ, ಅಲ್ಲಿಂದ ಶುರುಮಾಡುತ್ತೇನೆ. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ನಮ್ಮ ಜೋ ಕ್ರವೆಟ್ಸ್. ಈ ಊರಿನಿಂದ ದೊಡ್ಡ ಬೇಸ್‌ಬಾಲ್ ತಂಡಕ್ಕೆ ಹೋದವನು ಅವನೊಬ್ಬನೇ. ಒಂದೂವರೆ ವರ್ಷ ಚೆಂಡು ಎಸೆದು, ಭುಜ ಹಾಳಾಗಿ, ವಾಪಸು ಬಂದು ನಮ್ಮ ಬೀದಿಗೇ ಬ್ರೆಡ್ಡಿನ ವ್ಯಾನು ತರುತ್ತಿದ್ದವನು. ಅವನ ಚಿತ್ರವಿರುವ ಕಾರ್ಡು 1953ರದ್ದು ಒಂದೇ, ಅದೂ ವರ್ಷದ ಕೊನೆಗೆ ಕಡಿಮೆ ಅಚ್ಚಾದದ್ದು. ಡಬ್ಬಿಯ ನೆತ್ತಿಯ ಚೀಟಿಯಲ್ಲಿ, ಕಾರ್ಡು ಎಷ್ಟು ಚೆನ್ನಾಗಿದೆ ಎಂದು ಗ್ರೇಡಿನವರು ಹಾಕಿದ ಅಂಕ, ಹತ್ತಕ್ಕೆ ಎಂಟು. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ನೀನು ಹುಡುಕಿದ್ದು ಇದನ್ನೇ.

"ನೋಡೋ, ಅಂಚು ನೋಡೋ! ಬ್ಲೇಡ್ ಇದ್ದಂಗಿದೆ. ಎಪ್ಪತ್ತು ವರ್ಷದ ಕಾರ್ಡು ಕಣೋ!" ಎಂದೆ ನೀನು.

"ನನಗೂ ಎಪ್ಪತ್ತೇ. ನನ್ನ ಅಂಚು ಒಂದು ದಿನಾನೂ ಇಷ್ಟು ಬೆಳಕಲ್ಲಿಟ್ಟು ನೋಡಿಲ್ಲ ಈ ಮಹಾಶಯ," ಎಂದು ಡಾಟಿ ಆಲೂಗಡ್ಡೆ ತುಂಬಿದ ಪಿಯೆರೋಗಿಯನ್ನು ನನ್ನ ತಟ್ಟೆಗೆ ಹಾಕಿದಳು. ನೀನು ನಕ್ಕೆ. ನಾನೂ ನಕ್ಕೆ ಎಂದು ನೆನಪು.

ನಿನ್ನ ಹನ್ನೊಂದು ಕಾರ್ಡು ಮಾರಿ ಈ ಒಂದನ್ನು ಹರಾಜಿನಲ್ಲಿ ಕೊಂಡೆ ಎಂದೆ. ಎಲ್ಲರೂ ಮನೆಯೊಳಗೆ ಕೂತಿದ್ದ ಆ ಎರಡು ವರ್ಷ ಕಾರ್ಡುಗಳ ಬೆಲೆಗೆ ಹುಚ್ಚು ಹಿಡಿದಿತ್ತು, ಈಗ ಹೊಸ ಹುಡುಗರ ಕಾರ್ಡೆಲ್ಲ ದಿನಕ್ಕಿಷ್ಟು ಇಳಿಯುತ್ತಿದೆ, ಕೊನೆಗೆ ನಿಲ್ಲುವುದು ಹಳೆಯದು ಮಾತ್ರ ಎಂದೆ. ಆಮೇಲೆ ಡಾಟಿ ಒಳಗೆ ಹೋದಾಗ ದನಿ ತಗ್ಗಿಸಿ, ಇದನ್ನು ಮಾರಿ ನದಿಯ ಪಕ್ಕದ ಸಮತಟ್ಟಿನಲ್ಲಿ ಒಂದೇ ಅಂತಸ್ತಿನ ಮನೆ ಹಿಡಿಯುತ್ತೇನೆ, ಅವಳ ಮಂಡಿ ಇನ್ನು ಈ ಮೂವತ್ತೊಂಬತ್ತು ಮೆಟ್ಟಿಲು ತಡೆಯುವುದಿಲ್ಲ ಎಂದೆ. ಅಷ್ಟು ವರ್ಷ ಹುಡುಕಿದ್ದನ್ನು ಮಾರುತ್ತೀಯಾ ಎಂದು ನಾನು ಕೇಳಿದ್ದಕ್ಕೆ, "ಸಿಕ್ತಲ್ಲ ಮಾರಾಯ, ಸಾಕು," ಎಂದೆ.

ಆಗ ನೀನು ಡಬ್ಬಿಯನ್ನು ನನ್ನ ಕೈಗೆ ಕೊಟ್ಟೆ. ನಾನು ಹಿಂದೆ ತಿರುಗಿಸಿದೆ. ಅವನ ಹುಟ್ಟೂರು ಅಚ್ಚಾದ ಸಾಲಿನ ಕೆಳಗೆ, ಕಾಗದದೊಳಗೇ ಕೂತ ಒಂದು ಕಂದು ನಾರು, ರೆಪ್ಪೆಗೂದಲಿನಷ್ಟು. ಮೂವತ್ತಾರು ವರ್ಷ ಪ್ರೆಸ್ಸಿನಲ್ಲಿ ಕಾಗದ ಹಿಡಿದ ಕಣ್ಣು ನನ್ನದು. ಒಂದು ಹಾಳೆಯ ನಾರು ಇನ್ನೊಂದರಲ್ಲಿರುವುದಿಲ್ಲ. ಆ ನಾರನ್ನು ನಾನು ಮೊದಲು ಕಂಡದ್ದು 1993ರಲ್ಲಿ.

ಲೆನ್ನಿ, ಆ ಕಾರ್ಡು ಒಮ್ಮೆ ನನ್ನದಾಗಿತ್ತು.

ನದಿಯಾಚೆ ಯಾರೋ ಸತ್ತವರ ಮನೆ ಸಾಮಾನು ಮಾರುವಾಗ ಒಂದು ಸಿಗಾರ್ ಪೆಟ್ಟಿಗೆ ಕೊಂಡಿದ್ದೆ, ತಳದಲ್ಲಿ ಜೋ ಇದ್ದ. ಎಲ್ಲ ಚೆನ್ನಾಗಿತ್ತು, ಬಲಗಡೆಯ ಅಂಚು ಮಾತ್ರ ಇಲಿ ಕಚ್ಚಿದ ಹಾಗೆ ಮೆತ್ತಗಾಗಿತ್ತು. ಮರುದಿನ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದಾಗ, ಪ್ರೆಸ್ಸಿನ ದೊಡ್ಡ ಕತ್ತರಿ ಯಂತ್ರದಲ್ಲಿ ಇಟ್ಟು ಒಂದು ಕೂದಲೆಳೆಯಷ್ಟು ತೆಗೆದೆ. ಕಾಗದ ಸೊಟ್ಟಗಿದ್ದರೆ ನೇರ ಮಾಡುವುದು ನನ್ನ ಕೆಲಸವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸವಾಗಿದ್ದರೆ ಎಲ್ಲರ ಎದುರಿಗೇ ಮಾಡುತ್ತಿದ್ದೆ. ಕತ್ತರಿಸಿದ ಕಾರ್ಡು ಸತ್ತ ಕಾರ್ಡು ಎಂದು ಆಗಲೂ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ವಾರ ಬಿಟ್ಟು ಒಹಾಯೋದ ವ್ಯಾಪಾರಿಯೊಬ್ಬನಿಗೆ ಮಾರಿದೆ. ಅವನು ಬೆಳಕಿಗೆ ಹಿಡಿದು, "ಅಬ್ಬ, ಏನ್ ಅಂಚು ಸ್ವಾಮಿ!" ಎಂದ. ನಾನು ದುಡ್ಡು ಎಣಿಸಿಕೊಂಡೆ. ಆ ವರ್ಷ ಪ್ರೆಸ್ಸು ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು, ಮಗಳ ಹಲ್ಲಿಗೆ ತಂತಿ ಹಾಕಿಸಬೇಕಿತ್ತು. ಇದು ಸುಳ್ಳಲ್ಲ. ಆದರೆ ನಿನಗೆ ಯಾಕೆ ಕೊಡಲಿಲ್ಲ ಎಂಬುದಕ್ಕೆ ಅದು ಉತ್ತರವಲ್ಲ. ಅಂಚು ಮೆತ್ತಗಿದ್ದ ಆ ಕಾರ್ಡನ್ನು ಹಾಗೇ ನಿನ್ನ ಕೈಗಿಟ್ಟಿದ್ದರೂ ನೀನು ಸಂತೋಷಕ್ಕೆ ಅತ್ತುಬಿಡುತ್ತಿದ್ದೆ. ಕತ್ತರಿಸಿದ ಮೇಲೆ ನಿನಗೆ ತೋರಿಸುವ ಮುಖ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ, ನೀನು ಪ್ರತಿ ಕಾರ್ಡು ಪ್ರದರ್ಶನದಲ್ಲೂ "ಜೋ ಇದಾನಾ?" ಎಂದು ಕೇಳುತ್ತಾ ಮೇಜಿನಿಂದ ಮೇಜಿಗೆ ಹೋದೆ. ನಾನು ಪಕ್ಕದಲ್ಲೇ ಕಾಫಿ ಹಿಡಿದುಕೊಂಡು ನಡೆದೆ.

ಆ ಕಾಲದಲ್ಲಿ ಗ್ರೇಡು ಕೊಡುವವರು ಬರೀ ಕಣ್ಣಿನಿಂದ ನೋಡಿ ಅಂಕ ಹಾಕುತ್ತಿದ್ದರೆಂದು ಕಾಣುತ್ತದೆ. ಯಾರೋ ಒಬ್ಬರು ಅದಕ್ಕೆ ಎಂಟು ಹಾಕಿ ಮುಚ್ಚಿದರು. ಈಗ ಯಂತ್ರದಲ್ಲಿಟ್ಟು ಅಳೆಯುತ್ತಾರೆ. ಡಬ್ಬಿಯೊಳಗೆ ಬಲಗಡೆ ಸ್ವಲ್ಪ ಜಾಗ ಹೆಚ್ಚಿದೆ, ಬೇಕಾದರೆ ನೋಡು. ನೀನು ನೋಡಿರುವುದಿಲ್ಲ, ಸಂತೋಷದಲ್ಲಿದ್ದೆ.

ಕಳೆದ ಶನಿವಾರ ಕಾರ್ಡು ಸಂತೆಗೆ ಹೋದಾಗ, ಅಗ್ನಿಶಾಮಕ ದಳದ ಹಾಲ್‌ನಲ್ಲಿ ಆ ದಪ್ಪ ಕರ್ಟ್, ಅಲ್ಲಿ ಗ್ರೇಡಿಗೆ ಕಾರ್ಡು ತೆಗೆದುಕೊಳ್ಳುತ್ತಾನಲ್ಲ, ಅವನು ನಿನ್ನ ಜೋನನ್ನು ನೋಡಿ, "ಇದು ಎಂಟಾ? ಕೊಟ್ಟವನು ಕನ್ನಡಕ ಮರೆತು ಬಂದಿರಬೇಕು. ಒಡೆದು ಮತ್ತೆ ಕಳ್ಸಿ ಯಜಮಾನ್ರೇ, ಒಂಬತ್ತು ಬರದಿದ್ರೆ ನನ್ನ ಹೆಸರು ಬದಲಾಯಿಸಿ," ಎಂದ. ನೀನು ನನ್ನ ಕಡೆ ತಿರುಗಿ, "ಏನಂತೀಯೋ ಎಮಿಲ್? ನಿನ್ನ ಕಣ್ಣು ಚುರುಕು, ನೀನು ಹೇಳು," ಎಂದೆ.

ನಾನು ಏನು ಹೇಳಿದೆ, ನೆನಪಿದೆಯಾ? "ನಿನ್ನಿಷ್ಟ ಕಣೋ," ಎಂದೆ. ಹಾಗಾದ್ರೆ ಬರೋ ಶನಿವಾರ ಇಲ್ಲೇ ಒಡೆಸ್ತೀನಿ ಎಂದೆ ನೀನು. ಅಲ್ಲೇ ಬೇಡ ಎನ್ನಬಹುದಿತ್ತು. ಯಾಕೆ ಎಂದು ನೀನು ಕೇಳುತ್ತಿದ್ದೆ, ಅದಕ್ಕೇ ಎನ್ನಲಿಲ್ಲ.

ಒಡೆದರೆ ಏನಾಗುತ್ತದೆ ಎಂದು ಬರೆಯುತ್ತೇನೆ, ಸಾವಧಾನವಾಗಿ ಓದು. ಅವರು ಅಳೆದು, ಕತ್ತರಿಸಿದ ಕಾರ್ಡು ಎಂದು ವಾಪಸು ಕಳಿಸುತ್ತಾರೆ. ಆಮೇಲೆ ಯಾರನ್ನು ಕೇಳಿದರೂ, ಡಬ್ಬಿ ಒಡೆದವರು ನೀವು, ಒಳಗಿದ್ದದ್ದು ಇದೇ ಎಂದು ಏನು ಗ್ಯಾರಂಟಿ ಎನ್ನುತ್ತಾರೆ. ಡಬ್ಬಿ ಗಟ್ಟಿಯಾಗಿದ್ದರೆ ಮಾತ್ರ ಹರಾಜಿನವರ ಹತ್ತಿರ ನ್ಯಾಯ ಕೇಳಬಹುದು. ಆದ್ದರಿಂದ ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಯಾವ ವರ್ಷ, ಯಾವ ಯಂತ್ರ, ಯಾರಿಗೆ ಮಾರಿದೆ ಎಲ್ಲ ಬರೆದು ಸಹಿ ಹಾಕಿದ್ದೇನೆ. ಅವರಿಗೆ ಕಳಿಸು. ಬಾ ಎಂದರೆ ಬಂದು ಎದುರಿಗೆ ನಿಂತು ಹೇಳುತ್ತೇನೆ. ದುಡ್ಡು ತಿರುಗಿ ಕೊಡುತ್ತಾರೋ ಇಲ್ಲವೋ ನನಗೆ ತಿಳಿಯದು. ಕೊಡದಿದ್ದರೆ ಏನು ಗತಿ ಎಂಬುದೂ ತಿಳಿಯದು.

ಏನೂ ಹೇಳದೆ, ಎಂಟು ಎಂದೇ ಇನ್ನೊಬ್ಬನಿಗೆ ಮಾರಬಹುದಿತ್ತು ನೀನು. ಮನೆಯೂ ಆಗುತ್ತಿತ್ತು. ಈ ಕಾಗದ ಓದಿದ ಮೇಲೆ ನಿನ್ನಂಥವನಿಂದ ಅದು ಆಗುವುದಿಲ್ಲ. ಆ ದಾರಿಯನ್ನೂ ನಾನೇ ಮುಚ್ಚುತ್ತಿದ್ದೇನೆ. ಹೇಳದೆ ನಿನ್ನನ್ನು ಹಾಳುಮಾಡುವುದೋ, ಹೇಳಿ ಹಾಳುಮಾಡುವುದೋ ಎಂದು ಐದು ದಿನ ತೂಗಿದೆ. ಹೇಳುವುದರಲ್ಲಿ ನನಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಅದಕ್ಕೇ ಇದು ಸರಿ ಇರಬೇಕು.

ಅಂಚೆಯನ್ನು ನಂಬುವುದಿಲ್ಲ. ನಾಳೆ ಚರ್ಚಿನ ನೆಲಮಾಳಿಗೆಯಲ್ಲಿ, ಶುಕ್ರವಾರದ ಮೀನೂಟದ ಸಾಲಿನಲ್ಲಿ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಅಲ್ಲೇ ಬಿಚ್ಚಬೇಡ. ಮೀನು ತಿನ್ನು, ಡಾಟಿಯನ್ನು ಮನೆ ಹತ್ತಿಸು, ಆಮೇಲೆ ಓದು. ಅವಳಿಗೆ ನೀನೇ ಹೇಳು. ನನ್ನಿಂದಾಗದು.

ಶನಿವಾರ ಹಾಲ್‌ನಲ್ಲಿ ನನ್ನ ಪಕ್ಕ ಕೂರದಿದ್ದರೆ ತಪ್ಪು ತಿಳಿಯುವುದಿಲ್ಲ.

ನಿನ್ನ ಗೆಳೆಯ ಎಂದು ಬರೆಯಲು ಮನಸ್ಸು ಒಪ್ಪದ,
ಎಮಿಲ್ ಸ್ಕ್ರೋಬಾಕ್

ಮತ್ತೆ: ಮಡಚಿ ಲಕೋಟೆಗೆ ಹಾಕಿದ್ದೆ, ಹೊರಗೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ಆ ನಾರನ್ನು ನಿನ್ನ ಮೇಜಿನ ಬಳಿ ಗುರುತು ಹಿಡಿದೆ ಎಂಬಂತೆ ಬರೆದೆನಲ್ಲ, ಅದು ಸುಳ್ಳು. ಹರಾಜಿನವರು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಚಿತ್ರದಲ್ಲೇ ಹಿಡಿದಿದ್ದೆ. ಹರಾಜು ಮುಗಿದ ಆ ಭಾನುವಾರ ಮಧ್ಯಾಹ್ನ ಕಡೆಯ ಅರ್ಧ ಗಂಟೆ ನಿನ್ನೆದುರು ಬಿಡದೆ ಬೆಲೆ ಏರಿಸುತ್ತಿದ್ದವನು ನಾನು. ಕೊಂಡು ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಳ್ಳೋಣ ಎಂದಿದ್ದೆ. ಎದುರಿನವನು ನೀನೇ ಎಂದು ಎರಡನೆಯ ಸಲ ಏರಿಸುವಾಗಲೇ ಅನ್ನಿಸಿತು, ಜೋಗಾಗಿ ಅಷ್ಟು ಹಠ ಹಿಡಿಯುವವರು ಈ ಲೋಕದಲ್ಲಿ ಬೇರೆ ಯಾರು? ಕರೆ ಮಾಡಿ, ಬೇಡ ಕಣೋ ಎಂದಿದ್ದರೆ ನೀನು ಅಲ್ಲೇ ಬಿಡುತ್ತಿದ್ದೆ. ಮಾಡಲಿಲ್ಲ. ನನ್ನ ಕೈ ಸಾಗುವವರೆಗೂ ಏರಿಸಿದೆ, ನೀನು ಅದರ ಮೇಲೂ ಕೊಟ್ಟೆ. ಫೋನು ನನ್ನ ಮೊಣಕೈ ಪಕ್ಕದಲ್ಲೇ ಇತ್ತು.